ಎಲ್ಲೆ ಮೊದಲೇ ಇರಲಿ
2016ರಲ್ಲಿ ಬಂದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡಿಗೆ 120 ವಾಟ್ ವಿದ್ಯುತ್ ಸಾಕಿತ್ತು. 2020ರ ಆರ್‌ಟಿಎಕ್ಸ್ 3080 ಬೇಡುವುದು 320 ವಾಟ್. ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಇದನ್ನು ಜೋಡಿಸಹೊರಟವನು ಕಾರ್ಡೊಂದನ್ನೇ ಕೊಂಡು ನಿಲ್ಲಲಾರ. ಮೊದಲು ಪವರ್ ಸಪ್ಲೈ ಸಾಲದಾಗುತ್ತದೆ. ಬಳಿಕ ಹಳೆಯ ಪ್ರೊಸೆಸರ್ ಕಾರ್ಡಿನ ವೇಗಕ್ಕೆ ಸರಿಗಟ್ಟದು. ಹೊಸ ಪೀಳಿಗೆಯ ಪ್ರೊಸೆಸರ್ ತಂದರೆ ಮದರ್‌ಬೋರ್ಡೂ ಬದಲಾಗಬೇಕು. ಬಯಕೆ ಬಯಕೆಯನ್ನು ಹೆರುವ ಪರಿಯಿದು.

ಹಾಗೆಂದು ಕೊಳ್ಳುವುದೇ ದೋಷವಲ್ಲ. ಪರಿಗ್ರಹದ ಮೂಲ ವಸ್ತುವಿನಲ್ಲಿಲ್ಲ, ಅದರ ಮೇಲಣ ಮೂರ್ಛೆಯಲ್ಲಿದೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಶ್ರಾವಕನಿಗೆ ವಿಧಿಸಿರುವುದು ಸರ್ವಸಂಗ ಪರಿತ್ಯಾಗವಲ್ಲ. ಇಷ್ಟು ಸಾಕೆಂದು ತಾನೇ ಹಾಕಿಕೊಳ್ಳುವ ಎಲ್ಲೆ, ಪರಿಗ್ರಹ ಪರಿಮಾಣ. 2023ರ ಆರ್‌ಟಿಎಕ್ಸ್ 4060 ಹಳೆಯ 1060ಕ್ಕಿಂತ ಬಹು ವೇಗದ್ದು. ಆದರೂ ಅದಕ್ಕೆ 115 ವಾಟ್ ಸಾಕು. ಸುಸ್ಥಿತಿಯಲ್ಲಿರುವ ಹಳೆಯ ಪವರ್ ಸಪ್ಲೈ ಬಹುಮಟ್ಟಿಗೆ ಅದನ್ನು ಹೊರಬಲ್ಲದು; ಉಳಿದ ಯಂತ್ರ ಕಸವಾಗದು.

ಆದರೆ ಎಲ್ಲೆಯನ್ನು ಅಂಗಡಿಯಲ್ಲಿ ನಿಂತು ಗೊತ್ತುಮಾಡಲಾಗದು. ಅಲ್ಲಿ ಕಣ್ಣು ಆಳುತ್ತದೆ, ವಿವೇಕವಲ್ಲ. ಆಡುವ ಆಟ ಯಾವುದು, ಪರದೆ ಎಂಥದು, ಕೈಯಲ್ಲಿರುವ ಹಣವೆಷ್ಟು ಎಂಬುದನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಬೇಕು. ಕಳಚಿದ ಕಾರ್ಡು ಕಪಾಟು ಸೇರದೆ, ಅದೂ ಇಲ್ಲದವರ ಕೈ ಸೇರಬೇಕು. ಆಗ ಕೊಂಡದ್ದು ಬಳಕೆಯ ವಸ್ತುವಾಗಿಯೇ ಉಳಿಯುತ್ತದೆ, ಬಂಧನವಾಗುವುದಿಲ್ಲ.