ತುಕ್ಕು ನೋಡುವವರಿಗೆ ಹಣ ಕೊಡುವವರು ಯಾರು?

ಕಾಮರ್ಸ್ ಓದುವ ನಮಗೆ ಸವಕಳಿ ಎಂದರೆ ಪುಸ್ತಕದ ಒಂದು ಅಂಕಿ. ವರ್ಷಕ್ಕೆ ಶೇ. 10ರಂತೆ ಕಳೆದರೆ ಲೆಕ್ಕ ಮುಗಿಯಿತು. ಹಡಗಿನಲ್ಲಿ ಸವಕಳಿಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಉಪ್ಪುನೀರು ಉಕ್ಕನ್ನು ತಿನ್ನುತ್ತದೆ. ಹಡಗಿನ ಸಮತೋಲಕ್ಕಾಗಿ ಸಮುದ್ರದ ನೀರು ತುಂಬಿಸುವ ಬ್ಯಾಲಸ್ಟ್ ಟ್ಯಾಂಕುಗಳಲ್ಲಿ ತುಕ್ಕಿನ ಕಾಟ ಇನ್ನೂ ಹೆಚ್ಚು. ಐದು ವರ್ಷಕ್ಕೊಮ್ಮೆ ದೊಡ್ಡ ತಪಾಸಣೆ ಇರುತ್ತದೆ. ಆಗ ಸರ್ವೇಯರ್ ಟ್ಯಾಂಕಿನೊಳಗೆ ಇಳಿದು ಬಿರುಕು ಹುಡುಕುತ್ತಾರೆ. ಶಬ್ದತರಂಗದ ಉಪಕರಣದಿಂದ ಉಕ್ಕಿನ ಹಾಳೆಯ ದಪ್ಪ ಅಳೆಸುತ್ತಾರೆ. ಮಿತಿಮೀರಿ ಸವೆದಿದ್ದರೆ ಆ ಭಾಗ ಕತ್ತರಿಸಿ ಹೊಸ ಹಾಳೆ ಹಾಕಬೇಕು.

ಇಷ್ಟೆಲ್ಲ ನಿಯಮಗಳಿದ್ದೂ ‘ಎರಿಕಾ’ ಮುರಿಯಿತು. 1975ರಲ್ಲಿ ಜಪಾನಿನಲ್ಲಿ ಕಟ್ಟಿದ ಈ ತೈಲ ಹಡಗು 1999ರ ಡಿಸೆಂಬರ್ 12ರಂದು ಫ್ರಾನ್ಸಿನ ಬ್ರಿಟನಿ ತೀರದಾಚೆ ಬಿರುಗಾಳಿಗೆ ಸಿಕ್ಕಿ ಎರಡು ತುಂಡಾಯಿತು. 26 ನಾವಿಕರೂ ಬದುಕಿದರು. ಆದರೆ ಸುಮಾರು 20,000 ಟನ್ ಎಣ್ಣೆ ಸಮುದ್ರ ಸೇರಿತು, ಸಾವಿರಾರು ಹಕ್ಕಿಗಳು ಸತ್ತವು. ಹಡಗಿನ ಪ್ರಮಾಣಪತ್ರಗಳೆಲ್ಲ ಸರಿಯಾಗಿದ್ದವು! ಕೆಲವೇ ವಾರಗಳ ಹಿಂದೆ ನಡೆದ ತಪಾಸಣೆಯಲ್ಲಿ ತುಕ್ಕು ಕಂಡಿತ್ತು. ದಪ್ಪ ಅಳೆಯುವ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕಲಾಗಿತ್ತು.

ಮೊದಲು ಜೈಲಿಗೆ ಹೋದವರು ಹಡಗಿನ ಭಾರತೀಯ ಕ್ಯಾಪ್ಟನ್. 2008ರಲ್ಲಿ ಪ್ಯಾರಿಸ್ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಮಾಲೀಕ, ಹಡಗನ್ನು ಗೊತ್ತುಮಾಡಿದ್ದ ಟೋಟಲ್ ಕಂಪನಿ ಮತ್ತು ಪ್ರಮಾಣಪತ್ರ ಕೊಟ್ಟ ಇಟಲಿಯ ‘ರಿನಾ’ ಸಂಸ್ಥೆಯನ್ನು ತಪ್ಪಿತಸ್ಥರೆಂದಿತು. 2012ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಈ ತೀರ್ಪು ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ. ಆದರೆ ಅಷ್ಟೇ ಸಾಲದು. ತಪಾಸಣೆ ಮಾಡುವ ಸಂಸ್ಥೆಯನ್ನು ಆರಿಸುವವರೂ ಶುಲ್ಕ ಕೊಡುವವರೂ ಹಡಗಿನ ಮಾಲೀಕರೇ. ಕಟ್ಟುನಿಟ್ಟು ಮಾಡಿದರೆ ಗಿರಾಕಿ ಬೇರೆ ಸಂಸ್ಥೆಗೆ ಹೋಗಬಹುದು. ಆಡಿಟರ್‌ಗಳ ವಿಷಯದಲ್ಲೂ ಇದೇ ತೊಂದರೆ. ಅದಕ್ಕೇ ನಮ್ಮ 2013ರ ಕಂಪನಿ ಕಾಯ್ದೆ, ಷೇರುಪೇಟೆಯಲ್ಲಿರುವ ಕಂಪನಿಗೆ ಒಂದೇ ಆಡಿಟ್ ಸಂಸ್ಥೆ ಸತತವಾಗಿ 10 ವರ್ಷಕ್ಕಿಂತ ಹೆಚ್ಚು ಇರಬಾರದೆನ್ನುತ್ತದೆ. ಹಳೆಯ ಹಡಗುಗಳಿಗೂ ಇಂಥ ನಿಯಮ ಬೇಕು. ಮಾಲೀಕರು ಹಣ ಕೊಡದೆ ಮತ್ತ್ಯಾರು ಕೊಡಬೇಕು ಎಂದು ಕೇಳಬಹುದು. ಹಣ ಅವರೇ ಕೊಡಲಿ, ಆದರೆ ಒಂದು ಸಾಮಾನ್ಯ ನಿಧಿಗೆ ಕೊಡಲಿ. ಯಾರು ತಪಾಸಣೆ ಮಾಡಬೇಕೆಂಬುದನ್ನು ಹಡಗು ನೋಂದಣಿಯಾದ ದೇಶದ ಸರ್ಕಾರ ತೀರ್ಮಾನಿಸಲಿ.

ಕನ್ನಡ ಪತ್ರಿಕೆಗಳಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ನಮ್ಮ ಮನೆಯ ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಸರ್ವೇಯರ್‌ನ ಸಹಿ ಎರಡನೆಯ ಅರ್ಥದ್ದು. ಅದನ್ನು ನಂಬಿ ನಾವಿಕರು ಹಡಗು ಹತ್ತುತ್ತಾರೆ. ಸಿಎ ಆಗಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ನಾಳೆ ನಮ್ಮ ಸಹಿಯನ್ನೂ ಯಾರೋ ಹೀಗೆಯೇ ನಂಬುತ್ತಾರೆ.