ಮೇಷ್ಟ್ರಿಗೆ ಸುಣ್ಣ, ಸಾಹೇಬರಿಗೆ ಬೆಣ್ಣೆ

ಸರ್ಕಾರಿ ನೌಕರ ತನ್ನ ಮನಸ್ಸಿನಲ್ಲಿದ್ದದ್ದನ್ನು ನಾಲ್ಕು ಜನ ಓದುವಂತೆ ಬರೆದರೆ ಏನಾಗುತ್ತೆ? ಅದು ಅವನು ಕೂತ ಕುರ್ಚಿಯ ಎತ್ತರ ನೋಡಿಕೊಂಡು ತೀರ್ಮಾನವಾಗುತ್ತೆ ಸ್ವಾಮಿ. ನಂಬಿಕೆ ಬಾರದಿದ್ದರೆ 2023ರ ಎರಡು ಪ್ರಕರಣ ಪಕ್ಕಪಕ್ಕ ಇಟ್ಟು ನೋಡಿ.

ಫೆಬ್ರವರಿಯಲ್ಲಿ ಐಪಿಎಸ್ ಅಧಿಕಾರಿ ಡಿ. ರೂಪಾ ಅವರು ಐಎಎಸ್ ಅಧಿಕಾರಿ ರೋಹಿಣಿ ಸಿಂಧೂರಿ ಅವರ ಮೇಲೆ ಫೇಸ್‌ಬುಕ್‌ನಲ್ಲಿ ಆರೋಪಗಳ ಪಟ್ಟಿಯನ್ನೇ ಹಾಕಿದರು. ಫೋಟೋಗಳೂ ಬಂದವು. ದಿನಗಟ್ಟಲೆ ರಾಜ್ಯವೆಲ್ಲಾ ಅದೇ ಮಾತು. ಸರ್ಕಾರ ಮಾಡಿದ್ದೇನು? ಇಬ್ಬರನ್ನೂ ಹುದ್ದೆ ತೋರಿಸದೆ ವರ್ಗ ಮಾಡಿತು. ಅಮಾನತು ಇಲ್ಲ. ಮುಂದೆ ಇಬ್ಬರಿಗೂ ಹುದ್ದೆ ಸಿಕ್ಕಿತು.

ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಒಬ್ಬ ಸರ್ಕಾರಿ ಶಾಲೆ ಮೇಷ್ಟ್ರು, ಯಾವ ಮುಖ್ಯಮಂತ್ರಿ ಕಾಲದಲ್ಲಿ ರಾಜ್ಯದ ಸಾಲ ಎಷ್ಟು ಅಂತ ಲೆಕ್ಕ ಬರೆದು ಜಾಲತಾಣಕ್ಕೆ ಹಾಕಿದರು, ಉಚಿತ ಕೊಡುಗೆಗಳನ್ನು ಟೀಕಿಸಿದರು. ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿದ ಹೊತ್ತಿಗೇ ಅವರ ಕೈಗೆ ಅಮಾನತಿನ ಆದೇಶ!

ಮೊದಲನೆಯದು ಬಿಜೆಪಿ ಕಾಲದ್ದು, ಎರಡನೆಯದು ಕಾಂಗ್ರೆಸ್ ಕಾಲದ್ದು. ಆದ್ದರಿಂದ ಪಕ್ಷದ ಮೇಲೆ ಗೂಬೆ ಕೂರಿಸಬೇಡಿ. ರೋಗ ಕಚೇರಿಯದು.

ಕಾರಣ ಏನಪ್ಪಾ ಅಂದ್ರೆ, ಮೇಷ್ಟ್ರನ್ನು ಅಮಾನತು ಮಾಡೋಕೆ ತಾಲ್ಲೂಕಿನಲ್ಲೇ ಒಂದು ಸಹಿ ಸಾಕು. ದೊಡ್ಡ ಅಧಿಕಾರಿಗಳಿಗೆ ಬೇರೆಯದೇ ಅಖಿಲ ಭಾರತ ಸೇವಾ ನಿಯಮ. ಅವರನ್ನು ಅಮಾನತು ಮಾಡಿದರೆ ದೆಹಲಿಗೂ ಉತ್ತರ ಹೇಳಬೇಕು. ಹೀಗಾಗಿ ಮೇಲಿನವರ ವಿಷಯದಲ್ಲಿ ಕಡತ ಆಮೆ, ಕೆಳಗಿನವರ ವಿಷಯದಲ್ಲಿ ಕುದುರೆ. ಅಮಾನತಾದ ಬಡಪಾಯಿಗೆ ಸಿಗೋದು ಜೀವನಾಧಾರ ಭತ್ಯೆ ಅಂತ ಅರ್ಧ ಸಂಬಳ. ಅಂಗಡಿ ಬಾಕಿ, ಮಕ್ಕಳ ಫೀಸು ಮಾತ್ರ ಅರ್ಧ ಆಗೋಲ್ಲ.

ಹಾಗಂತ ಶಿಸ್ತೇ ಬೇಡ ಅನ್ನೋಕಾಗುತ್ತಾ? ಇಲ್ಲ. ಕಚೇರಿ ಗುಟ್ಟು ಹೊರಹಾಕಿದರೆ, ಚುನಾವಣೆಯಲ್ಲಿ ಒಂದು ಪಕ್ಷಕ್ಕೆ ಕೈ ಹಿಡಿದರೆ ಕ್ರಮ ಆಗಲೇಬೇಕು. ಸರ್ಕಾರವನ್ನು ಟೀಕಿಸಬಾರದು ಅಂತ ನಡತೆ ನಿಯಮವೂ ಇದೆ. 1966ರದನ್ನು ತೆಗೆದು 2021ರಲ್ಲಿ ಹೊಸದು ಬಂತು. ಆದರೆ ಸರ್ಕಾರಿ ನೌಕರಿಗೆ ಸೇರಿದ ಮಾತ್ರಕ್ಕೆ ಮೂಲಭೂತ ಹಕ್ಕು ಹೋಗೋಲ್ಲ ಅಂತ ಸುಪ್ರೀಂ ಕೋರ್ಟು 1962ರಲ್ಲೇ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಹೇಳಿದೆ. 2020ರಲ್ಲಿ ತ್ರಿಪುರಾ ಹೈಕೋರ್ಟು, ಫೇಸ್‌ಬುಕ್‌ನಲ್ಲಿ ಬರೆದ ನೌಕರರಿಗೂ ವಾಕ್ ಸ್ವಾತಂತ್ರ್ಯ ಉಂಟು ಎಂದಿತು.

ಇನ್ನೊಂದು ತಮಾಷೆ ನೋಡಿ. ಮಂತ್ರಿಗಳನ್ನು ಹೊಗಳಿ ಬರೆಯೋದೂ ರಾಜಕೀಯವೇ ತಾನೆ? ಹೊಗಳಿದ್ದಕ್ಕೆ ನೋಟೀಸು ಬಂದವರನ್ನು ನೀವು ಕಂಡಿದ್ದೀರಾ?

ಬಡವನ ಕೋಪ ದವಡೆಗೆ ಮೂಲ ಅಂತ ಗುಮಾಸ್ತ, ಕಂಡಕ್ಟರು, ಮೇಷ್ಟ್ರು ಎಲ್ಲಾ ಬಾಯಿಗೆ ಬೀಗ ಹಾಕಿಕೊಂಡರೆ ನಷ್ಟ ನಮಗೇ. ಶಾಲೆ ಸೂರು ಸೋರೋದನ್ನ, ಬಸ್ಸಿನ ಬ್ರೇಕು ಸವೆದಿರೋದನ್ನ ಮೊದಲು ಕಾಣೋರು ಅವರೇ ಅಲ್ಲವೇ?

ಕೇಳೋದು ಇಷ್ಟೇ. ಮೊದಲು ನೋಟೀಸು ಕೊಡಿ, ಉತ್ತರ ಕೇಳಿ, ಆಮೇಲೆ ಶಿಕ್ಷೆ. ವಿಧಾನಸೌಧದ ಸಾಹೇಬರಿಗೆ ಎಷ್ಟು ದಿನ ಕಾಯುತ್ತೀರೋ ಹಳ್ಳಿ ಮೇಷ್ಟ್ರಿಗೂ ಅಷ್ಟೇ ದಿನ ಕಾಯಿರಿ. ತಕ್ಕಡಿ ಒಂದೇ ಇರಲಿ. ಕಳ್ಳ ತೂಕ ಇಟ್ಟರೆ ಅಂಗಡಿಯವನಿಗೆ ದಂಡ ಹಾಕೋದು ಇದೇ ಸರ್ಕಾರ ತಾನೆ!