ಕಪ್ಪು ಚರ್ಮದ ಮೇಲೆ ಬೆಳ್ಳಿ ಗೆರೆ

ಮಾರಿದ ಆರು ಪಾಕೀಟುಗಳು ಕಳೆದ ತಿಂಗಳು ವಾಪಸ್ ಬಂದವು. ಮಾರಿದ್ದು ನಾನಲ್ಲ, ನಮ್ಮ ಊರ ಕಡೆಯ ಗೆಳೆಯರೊಬ್ಬರ ಮಗಳು. ಪುಣೆಯಲ್ಲಿ ಮನೆಯಲ್ಲೇ ಕೂತು ಚರ್ಮದ ಪಾಕೀಟು, ಬೆಲ್ಟು ಕೈಯಲ್ಲಿ ಹೊಲಿದು ಮಾರುತ್ತಾಳೆ. ಒಂದು ಆಫೀಸಿನವರು ಉಡುಗೊರೆ ಕೊಡೋದಕ್ಕೆ ಕಪ್ಪು ಬಣ್ಣದ್ದೇ ಬೇಕು ಅಂತ ಹೇಳಿ ಮಾಡಿಸಿದ್ದರು. ಹೊಲಿಗೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ದಾರದ ಪಕ್ಕದಲ್ಲೇ ಉದ್ದಕ್ಕೂ ಬೂದು ಬಣ್ಣದ ಒಂದು ಗೆರೆ. "ಇದೇನು, ಸುಣ್ಣ ಹತ್ತಿದೆಯಾ?" ಅಂತ ಕೇಳಿ ವಾಪಸ್ ಕಳಿಸಿದರಂತೆ.

ಫೋನಿನಲ್ಲಿ ಅವಳೇನೂ ಜಗಳ ಆಡಲಿಲ್ಲ. "ಸಿಲ್ವರ್ ಪೆನ್ನಿನ ಗೆರೆ ಒರಸಿದ್ರ ಹೋಗ್ತದ ಅಂತ ನೀವ ಹೇಳಿದ್ರೆಲ್ಲ ಕಾಕಾ..." ಅಂದಳು, ಅಷ್ಟೆ.

ಹೌದು, ಹೇಳಿದ್ದು ನಾನೇ. ಹಾಗಾಗಿ ಈ ಬರಹ ಅರ್ಧ ತಪ್ಪೊಪ್ಪಿಗೆ, ಇನ್ನರ್ಧ ನನ್ನ ಅಭಿಪ್ರಾಯ.

ಚರ್ಮ ಹೊಲಿಯುವ ಅಭ್ಯಾಸ ಇಲ್ಲದವರಿಗೆ ಒಂದು ಮಾತು. ಬಟ್ಟೆಯಲ್ಲಿ ತಪ್ಪು ಹೊಲಿಗೆ ಬಿದ್ದರೆ ಬಿಚ್ಚಿ ಮತ್ತೆ ಹಾಕಬಹುದು. ಸೂಜಿಯ ತೂತು ಎರಡು ಸಲ ಇಸ್ತ್ರಿ ಮಾಡಿದರೆ ಮಾಯ. ಚರ್ಮದಲ್ಲಿ ಹಾಗಲ್ಲ, ಒಮ್ಮೆ ಬಿದ್ದ ತೂತು ಬಿದ್ದಿದ್ದೇ. ಅದಕ್ಕೇ ಹೊಲಿಯುವ ಮೊದಲು ಅಂಚಿನಿಂದ ಸುಮಾರು 3 ಮಿಲಿಮೀಟರ್ ಒಳಗೆ ಒಂದು ಗೆರೆ ಬೇಕು. ಆ ಗೆರೆಯ ಮೇಲೆ ಮುಳ್ಳಿನ ಚಮಚದಂಥ ಉಕ್ಕಿನ ಹಲ್ಲು ಇಟ್ಟು, ಸುತ್ತಿಗೆಯಿಂದ ಹೊಡೆದು, ಸಮ ಅಂತರದಲ್ಲಿ ತೂತು ಮಾಡುತ್ತಾರೆ. 4 ಮಿಲಿಮೀಟರ್ ಅಂತರ ಅಂದರೆ 10 ಸೆಂಟಿಮೀಟರಿನ ಒಂದು ಬದಿಗೆ ಇಪ್ಪತ್ತೈದು ತೂತು. ಗೆರೆ ಒಂದೇ ಒಂದು ಮಿಲಿಮೀಟರ್ ಡೊಂಕಾದರೂ ಇಪ್ಪತ್ತೈದೂ ತೂತು ಸಾಲಾಗಿ ನಿಂತು ಸಾಕ್ಷಿ ಹೇಳುತ್ತವೆ!

ತಿಳಿ ಕಂದು ಚರ್ಮದಲ್ಲಿ ಗೆರೆ ತಾನಾಗೇ ಕಾಣುತ್ತೆ. ಕಪ್ಪು, ಕಡು ಕಂದು, ಕಡು ನೀಲಿ ಬಂದಾಗ ಗ್ರಹಚಾರ ಶುರು. ಪೆನ್ಸಿಲ್ ಕಾಣಲ್ಲ. ಬಾಲ್‌ಪೆನ್ ಕಾಣಲ್ಲ, ಮೇಲಾಗಿ ಅದರ ಶಾಯಿ ಒಳಗೆ ಇಳಿದು ಕೂರುತ್ತೆ. ದರ್ಜಿಯ ಸೀಮೆಸುಣ್ಣ ಕಾಣುತ್ತೆ, ಆದರೆ ಅದರ ಗೆರೆಯೇ ಒಂದು ಮಿಲಿಮೀಟರ್ ದಪ್ಪ. 3 ಮಿಲಿಮೀಟರ್ ಅಳತೆಯಲ್ಲಿ 1 ಮಿಲಿಮೀಟರ್ ಅನುಮಾನ ಇಟ್ಟುಕೊಂಡು ಏನು ಹೊಲಿಯೋದು? ಆಗ ಎಲ್ಲರ ಕೈ ಸಿಲ್ವರ್ ಪೆನ್ನಿಗೇ ಹೋಗುತ್ತೆ. ತೆಳ್ಳಗೆ ಬರೆಯುತ್ತೆ, ಕತ್ತಲಲ್ಲೂ ಹೊಳೆಯುತ್ತೆ.

ನಾನು ಅವಳಿಗೆ ಹೇಳುವ ಮೊದಲು ಪರೀಕ್ಷೆ ಮಾಡಿ ನೋಡಿರಲಿಲ್ಲ ಅಂತಲ್ಲ. ನುಣುಪಾದ, ಮೇಲೆ ಪಾಲಿಶ್ ಪದರ ಇದ್ದ ಒಂದು ಕಪ್ಪು ತುಂಡಿನ ಮೇಲೆ ಗೆರೆ ಎಳೆದು ರಬ್ಬರಿನಿಂದ ಉಜ್ಜಿದ್ದೆ, ಹೋಗಿತ್ತು. ಅವಳ ಚರ್ಮ ಅದಲ್ಲ. ಕಾಳು ಕಾಳಾಗಿ ಉಬ್ಬುತಗ್ಗು ಇರುವ, ಮೇಲೆ ಪದರ ಅಷ್ಟಾಗಿ ಇಲ್ಲದ ಮೆತ್ತನೆಯ ಚರ್ಮ. ಅಲ್ಲಿ ಬೆಳ್ಳಿ ಪುಡಿ ತಗ್ಗಿನಲ್ಲಿ ಇಳಿದು ಕೂತಿತ್ತು. ತೂತಿನ ಬಾಯಿಗೆ, ದಾರದ ಅಡಿಗೆ ಸೇರಿದ ಮೇಲೆ ರಬ್ಬರೂ ತಲುಪಲ್ಲ, ಬಟ್ಟೆಯೂ ತಲುಪಲ್ಲ. ನನ್ನ ತುಂಡಿಗೆ ನಿಜವಾದದ್ದನ್ನು ಅವಳ ತುಂಡಿಗೂ ನಿಜ ಅಂದುಬಿಟ್ಟಿದ್ದೆ.

ಮರುದಿನ ಧಾರಾವಿಗೆ ಹೋದೆ. ಸಯಾನ್-ಬಾಂದ್ರಾ ಲಿಂಕ್ ರಸ್ತೆಯ ಚರ್ಮದ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ, ಮಾಳಿಗೆ ಮೇಲಿನ ಒಂದು ಕಾರಖಾನೆಯಲ್ಲಿ ನನಗೆ ಗೊತ್ತಿರುವ ಬಿಹಾರದ ಉಸ್ತಾದರೊಬ್ಬರಿದ್ದಾರೆ. ಹೋಗಿ ನೋಡಿದರೆ ಅವರ ಕಿವಿ ಮೇಲೂ ಒಂದು ಸಿಲ್ವರ್ ಪೆನ್ನು! ಕಪ್ಪು ಚರ್ಮದ ಮೇಲೆ ರಟ್ಟಿನ ಫರ್ಮಾ ಇಟ್ಟು ಸುತ್ತ ಗೆರೆ ಎಳೆಯುತ್ತಾ ಕೂತಿದ್ದರು. ನನಗೆ ಒಳಗೊಳಗೇ ಸಮಾಧಾನ. ಹಾಗಾದರೆ ನಾನು ಹೇಳಿದ್ದು ತಪ್ಪಲ್ಲವಲ್ಲ!

"ಉಸ್ತಾದ್, ಇದು ಒರೆಸಿದರೆ ಹೋಗುತ್ತಾ?" ಅಂತ ಕೇಳಿದೆ.

"ಒರೆಸುವ ಕೆಲಸ ಏನಿದೆ ಭಾಯ್‌ಸಾಬ್? ಇದು ಒಳಗೆ ಮಡಚಿ ಹೋಗುತ್ತೆ," ಅಂದರು. ಹೊಲಿಗೆಯ ಗೆರೆ ಎಲ್ಲಿ ಅಂತ ಕೇಳಿದ್ದಕ್ಕೆ ಇನ್ನೊಂದು ತುಂಡು ಎತ್ತಿ ತೋರಿಸಿದರು. ನನಗೆ ಏನೂ ಕಾಣಲಿಲ್ಲ. ಅವರು ಮೇಜಿನ ದೀಪವನ್ನು ಪಕ್ಕಕ್ಕೆ ಎಳೆದು ತಗ್ಗಿಸಿದರು ನೋಡಿ, ಓರೆ ಬೆಳಕಿಗೆ ಅಂಚಿನುದ್ದಕ್ಕೂ ಕೂದಲೆಳೆಯಂಥ ನೆರಳು ಎದ್ದು ನಿಂತಿತು. ಬಣ್ಣವೇ ಇಲ್ಲದ ಗೆರೆ. ಎಳೆದದ್ದು ಡಿವೈಡರಿನಲ್ಲಿ.

ಅದೇ, ನಾವೆಲ್ಲ ಸ್ಕೂಲಿನ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದ ಡಿವೈಡರ್. ಕಾಲುಗಳು ಜಾರದಂತೆ ಸ್ಕ್ರೂ ಇರುವಂಥದ್ದು ಬೇಕು, ಅಷ್ಟೆ. 3 ಮಿಲಿಮೀಟರಿಗೆ ಬಿಗಿ ಮಾಡಿ, ಒಂದು ಕಾಲನ್ನು ಚರ್ಮದ ಅಂಚಿಗೆ ತಾಗಿಸಿ ಹೊರಗೆ ಜಾರಿಸುತ್ತಾ ಹೋದರೆ ಇನ್ನೊಂದು ಕಾಲು ಮೇಲೆ ಗೆರೆ ಒತ್ತುತ್ತಾ ಬರುತ್ತೆ. ಆ ಕಾಲಿನ ಮೊನೆಯನ್ನು ಮರಳು ಕಾಗದಕ್ಕೆ ಸ್ವಲ್ಪ ಉಜ್ಜಿ ಮೊಂಡು ಮಾಡಿದ್ದರು. ಗೆರೆ ಒತ್ತಬೇಕು, ಗೀರಬಾರದು. ಬರೀ ಮೇಲ್ಮೈಗೆ ಬಣ್ಣ ಕೊಟ್ಟ ಚರ್ಮವನ್ನು ಗೀರಿದರೆ ಒಳಗಿನ ತಿಳಿ ಬಣ್ಣ ಬಾಯಿ ಬಿಡುತ್ತೆ. ಆಗ ಸಿಲ್ವರ್ ಪೆನ್ನೇ ವಾಸಿ ಅನ್ನಿಸಿಬಿಡುತ್ತೆ.

ಊರಲ್ಲಿ ಸಂತೆ ದಾರಿಯ ಮರದಡಿ ಚಪ್ಪಲಿ ಹೊಲಿಯುತ್ತಿದ್ದ ಅಜ್ಜ ಹೆಬ್ಬೆರಳ ಉಗುರಿನಿಂದ ಗೆರೆ ಒತ್ತುತ್ತಿದ್ದದ್ದು ಆಗ ನೆನಪಾಯಿತು. ಚಿಕ್ಕಂದಿನಲ್ಲಿ ಕಣ್ಣಾರೆ ಕಂಡದ್ದು. ಆದರೆ ಅವರನ್ನು ನಮ್ಮ ಜಗಲಿಗೆ ಹತ್ತಿಸದ ಮನೆಗಳಲ್ಲಿ ಬೆಳೆದ ನಾವು, ಅವರ ಕೆಲಸವನ್ನು ಕಲಿಯಬೇಕಾದ ವಿದ್ಯೆ ಅಂತ ಎಂದಾದರೂ ನೋಡಿದ್ದೆವಾ? ಈಗ ರಿಟೈರ್ ಆದ ಮೇಲೆ ಅದನ್ನೇ ಹವ್ಯಾಸ ಅಂತ ಹಿಡಿದುಕೊಂಡು, ಪೆನ್ನಿನ ಪ್ಯಾಕೆಟ್ ಮೇಲೆ ಬರೆದದ್ದನ್ನು ನಂಬಿ ಇನ್ನೊಬ್ಬರಿಗೆ ಪಾಠ ಹೇಳುತ್ತೇವೆ.

ನನ್ನ ಅಭಿಪ್ರಾಯ ಇಷ್ಟು. ಕಪ್ಪು ಚರ್ಮದ ಮೇಲೆ "ಯಾವ ಪೆನ್ನು ಕಾಣುತ್ತೆ" ಅನ್ನೋದು ತಪ್ಪು ಪ್ರಶ್ನೆ. "ಕೆಲಸ ಮುಗಿದ ಮೇಲೆ ಈ ಗೆರೆ ಎಲ್ಲಿ ಹೋಗುತ್ತೆ" ಅಂತ ಮೊದಲು ಕೇಳಿಕೊಳ್ಳಬೇಕು. ಮಡಿಕೆಯೊಳಗೆ ಹೋಗುವುದಾದರೆ, ಕತ್ತರಿಸಿ ಬಿಸಾಡುವ ಅಂಚಾದರೆ, ಸಿಲ್ವರ್ ಪೆನ್ನು ಧಾರಾಳವಾಗಿ ಬಳಸಿ. ಮುಖದ ಮೇಲೇ ಉಳಿಯುವುದಾದರೆ ಬಣ್ಣ ಮುಟ್ಟಲೇಬೇಡಿ, ಒತ್ತು ಗೆರೆ ಹಾಕಿ.

ಎಲ್ಲ ಚರ್ಮವೂ ಒತ್ತು ಗೆರೆಯನ್ನು ಹಿಡಿದುಕೊಳ್ಳಲ್ಲ, ನಿಜ. ತೊಗಟೆ ರಸದಲ್ಲಿ ಹದ ಮಾಡಿದ ಗಟ್ಟಿ ಚರ್ಮಕ್ಕೆ ಸ್ವಲ್ಪ ತೇವ ಮಾಡಿ ಒತ್ತಿದರೆ ಗೆರೆ ಕಲ್ಲಿನ ಮೇಲೆ ಕೆತ್ತಿದಂತೆ ನಿಲ್ಲುತ್ತೆ. ಕ್ರೋಮ್‌ನಲ್ಲಿ ಹದ ಮಾಡಿದ ಮೆತ್ತನೆ ಚರ್ಮ ಸ್ಪಂಜಿನಂತೆ ಮತ್ತೆ ಉಬ್ಬಿಕೊಳ್ಳುತ್ತೆ. ಅದಕ್ಕೆ ಪೇಂಟರ್‌ಗಳು ಬಳಸುವ ಪೇಪರ್ ಟೇಪು ಸಾಕು. ಮೊದಲು ಪ್ಯಾಂಟಿಗೆ ಒಂದು ಸಲ ಅಂಟಿಸಿ ತೆಗೆದು ಅಂಟು ಕಮ್ಮಿ ಮಾಡಿಕೊಳ್ಳಿ. ಆಮೇಲೆ ಚರ್ಮದ ಅಂಚಿಗೆ ಅಂಟಿಸಿ, ಟೇಪಿನ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು, ಅದರ ಮೇಲೇ ತೂತು ಹೊಡೆದು, ಹೊಲಿಯುವ ಮುಂಚೆ ನಿಧಾನಕ್ಕೆ ಬಿಡಿಸಿ. ಇಡೀ ರಾತ್ರಿ ಬಿಟ್ಟರೆ ಮೇಲಿನ ಪದರವನ್ನೇ ಕಿತ್ತುಕೊಂಡು ಬರಬಹುದು.

ಬ್ಯಾಗಿನ ಮುಚ್ಚಳದಂಥ ಬಾಗಿದ ಅಂಚಿಗೆ ದಪ್ಪ ಕಾಗದದ ಫರ್ಮಾ ಮಾಡಿ, ತೂತುಗಳನ್ನು ಅದರಲ್ಲೇ ಗುರುತಿಸಿಕೊಳ್ಳೋದು ಒಳ್ಳೇದು. ಫರ್ಮಾವನ್ನು ಚರ್ಮದ ಮೇಲೆ ಅಲುಗದಂತೆ ಕೂರಿಸಿ, ಆರಿಯ ತುದಿಯಿಂದ ಪ್ರತಿ ಗುರುತನ್ನೂ ಮೆಲ್ಲಗೆ ಚುಚ್ಚಿದರೆ ಚುಕ್ಕಿಗಳು ಚರ್ಮಕ್ಕೆ ಇಳಿಯುತ್ತವೆ. ಆ ಚುಕ್ಕಿಯೇ ಮುಂದೆ ಹೊಲಿಗೆಯ ತೂತಾಗುವುದರಿಂದ ಅಳಿಸುವ ಮಾತೇ ಇಲ್ಲ. ಜೋಡಿ ತುಂಡಿಗೆ ಅದೇ ಫರ್ಮಾ ಬಳಸಿದರೆ ಎರಡೂ ಕಡೆ ತೂತಿನ ಲೆಕ್ಕ ತಾಳೆಯಾಗುತ್ತೆ. ಚರ್ಮದ ಹಿಂಬದಿ ತಿಳಿ ಬಣ್ಣ ಇರುತ್ತೆ, ಅಲ್ಲೇ ಗುರುತು ಮಾಡಿದರಾಯಿತು ಅನ್ನುವವರು ಫರ್ಮಾವನ್ನು ಮಗುಚಿ ಹಾಕಲು ಮರೆಯಬಾರದು. ಮರೆತರೆ ಬಲಗಡೆಯ ತುಂಡು ಎಡಗಡೆಯದಾಗಿ ಹುಟ್ಟುತ್ತೆ.

"ಇಷ್ಟೆಲ್ಲ ಯಾರ್ರೀ ನೋಡ್ತಾರೆ?" ಅಂತ ನನ್ನ ಗೆಳೆಯರೊಬ್ಬರು ಕೇಳಿದರು. ಬೇಗ ಬೇಗ ಮಾಡಿ ಕಮ್ಮಿ ಬೆಲೆಗೆ ಮಾರುವವರಿಗೆ ಈ ಮಾತು ಒಪ್ಪಬಹುದೇನೋ. ಮಷಿನ್‌ನಲ್ಲಿ ಹೊಲಿಯುವವರಿಗೆ ಅಂಚಿನ ಗೈಡ್ ಇರುತ್ತೆ, ಗೆರೆಯ ಹಂಗೇ ಇಲ್ಲ. ಆದರೆ ಕೈಹೊಲಿಗೆ ಅಂತ ಹೇಳಿ ನಾಲ್ಕು ಕಾಸು ಹೆಚ್ಚು ಕೇಳುವವರ ಕೆಲಸದಲ್ಲಿ ಕೊಳ್ಳುವವರು ಮೊದಲು ನೋಡುವುದೇ ಆ ಹೊಲಿಗೆಯ ಸಾಲು. ಅದರ ಪಕ್ಕದಲ್ಲಿ ನಮ್ಮ ಲೆಕ್ಕಾಚಾರದ ಗೆರೆ ಉಳಿದರೆ, ಊಟಕ್ಕೆ ಕೂತವರ ಎದುರು ಒಗ್ಗರಣೆ ಸೌಟು ಎಲೆಯಲ್ಲೇ ಬಿಟ್ಟು ಹೋದ ಹಾಗೆ.

ಕೊನೆಗೊಂದು ಮಾತು, ನನ್ನಂಥ ಸಲಹೆ ಕೊಡುವವರಿಗೆ. ಮುಂದೆ ಯಾರಿಗಾದರೂ "ಅಳಿಸಿದರೆ ಹೋಗುತ್ತೆ" ಅನ್ನುವ ಮೊದಲು "ನಿನ್ನ ಚರ್ಮದ್ದೇ ಒಂದು ಚೂರಿನ ಮೇಲೆ ಎಳೆದು, ತೂತು ಹೊಡೆದು, ಹೊಲಿದು, ಆಮೇಲೆ ಅಳಿಸಿ ನೋಡು" ಅನ್ನೋಣ. ಹತ್ತು ನಿಮಿಷದ ಕೆಲಸ. ತಪ್ಪಿದರೆ ನಮಗೆ ಹೋಗುವುದು ಮಾತು ಮಾತ್ರ, ಅವರಿಗೆ ಹೋಗುವುದು ಚರ್ಮ, ದಾರ, ದಿನಗಟ್ಟಲೆ ದುಡಿಮೆ, ಮತ್ತೆ ಬರಬಹುದಾಗಿದ್ದ ಗಿರಾಕಿ.

ಆರು ಪಾಕೀಟುಗಳನ್ನೂ ನಾನೇ ಪೂರ್ತಿ ಬೆಲೆ ಕೊಟ್ಟು ತೆಗೆದುಕೊಂಡೆ. ಅವಳು ಬೇಡ ಅಂದಳು, ನಾನು ಬಿಡಲಿಲ್ಲ. ಐದು ಕಪಾಟಿನಲ್ಲಿವೆ, ಒಂದು ನನ್ನ ಜೇಬಿನಲ್ಲಿದೆ. ಆಟೋದವನಿಗೆ ದುಡ್ಡು ಕೊಡಲು ತೆಗೆದಾಗಲೆಲ್ಲ ಆ ಗೆರೆ ಹೊಳೆಯುತ್ತೆ. ಇನ್ನೂ ಅಳಿಸಿ ಹೋಗಿಲ್ಲ.